ಮನೆಬಳಕೆಯ ನೀರಿನಲ್ಲಿ ಬೂಷ್ಟಿನ ಪರೀಕ್ಷೆ

ಮನೆಬಳಕೆಯ ನೀರಿನಲ್ಲಿ ಬೂಷ್ಟಿನ ಪರೀಕ್ಷೆ ಎಂದರೆ ನಲ್ಲಿ, ಸಂಪು, ಮೇಲಿನ ಟ್ಯಾಂಕ್, ಬಾವಿ ಅಥವಾ ಶುದ್ಧೀಕರಣ ಯಂತ್ರದ ನೀರಿನಲ್ಲೂ ಆ ನೀರು ತಾಗುವ ಮೇಲ್ಮೈಗಳಲ್ಲೂ ಶಿಲೀಂಧ್ರಗಳು ಇವೆಯೇ, ಇದ್ದರೆ ಎಲ್ಲಿ ಬೆಳೆಯುತ್ತಿವೆ, ಯಾವ ಬಗೆಯವು, ಎಷ್ಟಿವೆ ಎಂಬುದನ್ನು ಕಣ್ಣಾರೆ ನೋಡಿ, ಮಾದರಿ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ ತಿಳಿಯುವ ಕ್ರಮ. ಚೆನ್ನಾಗಿ ಸಂಸ್ಕರಿಸಿದ ಕುಡಿಯುವ ನೀರಿನಲ್ಲಿಯೂ ಶಿಲೀಂಧ್ರದ ಬೀಜಕಗಳು ಸಿಗುವುದು ಅಪರೂಪವಲ್ಲ. ಹಾಗಾಗಿ ‘ಇದೆಯೋ ಇಲ್ಲವೋ’ ಎಂದಷ್ಟೇ ಹೇಳುವ ಪರೀಕ್ಷೆಯಿಂದ ಮನೆಯವರಿಗೆ ತಿಳಿಯುವುದು ಅಲ್ಪ. ಬೀಜಕಗಳು ಹೊರಗಿನಿಂದ ಬಂದು ಹಾಗೆಯೇ ಹರಿದುಹೋಗುತ್ತಿವೆಯೋ, ಮನೆಯ ಟ್ಯಾಂಕಿನಲ್ಲೋ ಪೈಪಿನಲ್ಲೋ ಬೆಳೆಯುತ್ತಿವೆಯೋ ಎಂಬುದು ಗೊತ್ತಾಗಬೇಕು. ಆ ನೀರನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬುದೂ ಗೊತ್ತಿರಬೇಕು. ಇವೆರಡೂ ತಿಳಿಯದೆ ಬರಿಯ ಎಣಿಕೆಗೆ ಅರ್ಥವಿಲ್ಲ. ಪರೀಕ್ಷೆಯ ಹಂತಗಳನ್ನು ಈ ಲೇಖನ ಆ ನೆಲೆಯಿಂದಲೇ ವಿವರಿಸುತ್ತದೆ.

ಪಾರಿಭಾಷಿಕ ಪದಗಳು

ಶಿಲೀಂಧ್ರ ಎಂಬುದು ಇಡೀ ಗುಂಪಿನ ಹೆಸರು. ಅದರಲ್ಲಿ ಎಳೆಎಳೆಯಾದ ತಂತುಗಳಿಂದ ಬೆಳೆದು ಬರಿಗಣ್ಣಿಗೆ ನವಿರಾದ ಹೊದಿಕೆಯಾಗಿಯೋ ಪುಡಿಯಾಗಿಯೋ ಕಾಣುವವು ಬೂಷ್ಟುಗಳು; ಬೂಸು, ಬೂಜು ಎಂದೂ ಕರೆಯುವುದುಂಟು. ಒಂಟಿ ಕೋಶಗಳಾಗಿ ಬೆಳೆಯುವ ಶಿಲೀಂಧ್ರಗಳು ಯೀಸ್ಟ್‌ಗಳು. ಬೂಷ್ಟು ಹರಡಲು ಬಿಡುವ ಸೂಕ್ಷ್ಮ ಕಣವೇ ಬೀಜಕ. ಪ್ರಯೋಗಾಲಯದ ತಟ್ಟೆಯಲ್ಲಿ ಒಂದು ಬೀಜಕದಿಂದಲೋ ಒಂದು ತುಂಡು ತಂತುವಿನಿಂದಲೋ ಎದ್ದ ಬೆಳವಣಿಗೆಗೆ ಕಾಲನಿ ಎನ್ನುತ್ತಾರೆ. ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಅವು ಸ್ರವಿಸಿದ ಅಂಟು ಸೇರಿ ಪೈಪು, ಟ್ಯಾಂಕುಗಳ ಒಳಮೈಗೆ ಕಟ್ಟಿಕೊಳ್ಳುವ ಜಾರುಪದರವನ್ನು ಇಲ್ಲಿ ಲೋಳೆಪದರ ಎಂದು ಕರೆದಿದೆ. ಪಾಚಿ ಇವುಗಳಿಂದ ಬೇರೆ. ಅದು ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿ, ಕತ್ತಲೆಯ ಸಂಪಿನಲ್ಲಿ ಬೆಳೆಯಲಾರದು. ಬೂಷ್ಟಿಗೆ ಬೆಳಕು ಬೇಡ.

ಹಿನ್ನೆಲೆ

ನೀರಿನ ಸೂಕ್ಷ್ಮಜೀವಿ ಪರೀಕ್ಷೆ ಬೆಳೆದದ್ದು ಕಾಲರಾ, ವಿಷಮಶೀತ ಜ್ವರಗಳ ಭಯದಿಂದ. 1880ರ ದಶಕದಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಘನ ಮಾಧ್ಯಮದ ಮೇಲೆ ನೀರಿನ ಜೀವಿಗಳನ್ನು ಬೆಳೆಸಿ ಎಣಿಸುವ ವಿಧಾನವನ್ನು ರೂಢಿಗೆ ತಂದರು. ಜಿಲೆಟಿನ್ ಬದಲು ಅಗರ್ ಬಳಸುವ ಸಲಹೆ ಫ್ಯಾನಿ ಹೆಸ್ ಅವರದು. 1887ರಲ್ಲಿ ಕಾಖ್ ಅವರ ಸಹಾಯಕ ಜೂಲಿಯಸ್ ರಿಚರ್ಡ್ ಪೆಟ್ರಿ ಮುಚ್ಚಳವಿರುವ ಗಾಜಿನ ತಟ್ಟೆಯನ್ನು ವಿವರಿಸಿದರು. ನೀರಿಗೆ ಚರಂಡಿ ಸೇರಿದೆಯೇ ಎಂಬುದೇ ಆಗಿನ ದೊಡ್ಡ ಪ್ರಶ್ನೆಯಾದ್ದರಿಂದ ಮನುಷ್ಯರ, ಪ್ರಾಣಿಗಳ ಕರುಳಿನಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳೇ ಎಲ್ಲ ಪರೀಕ್ಷೆಗಳ ಅಳತೆಗೋಲಾದವು. ತಟ್ಟೆಯಲ್ಲಿ ಬೂಷ್ಟು ಎದ್ದರೆ ಅದು ಗಾಳಿಯಿಂದ ಬಿದ್ದದ್ದೆಂದು ಬದಿಗಿಡುವ ರೂಢಿ ಬಹುಕಾಲ ನಡೆಯಿತು.

ಈ ಉಪೇಕ್ಷೆಗೆ ವಿಧಾನದಲ್ಲೇ ಒಂದು ಕಾರಣವಿತ್ತು. ಕೋಲಿಫಾರ್ಮ್ ಪರೀಕ್ಷೆಯ ತಟ್ಟೆಯನ್ನು ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದೆರಡು ದಿನ ಇಡುತ್ತಾರೆ. ನೀರಿನ ಬಹುಪಾಲು ಬೂಷ್ಟುಗಳಿಗೆ 25 ಡಿಗ್ರಿಯ ಆಸುಪಾಸು ಹಿತ, ಕಣ್ಣಿಗೆ ಕಾಣುವಷ್ಟು ಬೆಳೆಯಲು 5ರಿಂದ 7 ದಿನ ಬೇಕು. ಅವು ಕಾಣಿಸಿಕೊಳ್ಳುವ ಮೊದಲೇ ತಟ್ಟೆ ಕಸಕ್ಕೆ ಹೋಗಿರುತ್ತದೆ. ಶಿಲೀಂಧ್ರಗಳಿಗೆ ಒಗ್ಗುವ ಮಾಧ್ಯಮ ಬಂದದ್ದು ನೀರಿನ ತಜ್ಞರಿಂದಲ್ಲ, ಫ್ರಾನ್ಸಿನ ಚರ್ಮವೈದ್ಯ ರೇಮಂಡ್ ಸಬೊರೊ ಅವರಿಂದ. ಚರ್ಮದ ಶಿಲೀಂಧ್ರಗಳಿಗಾಗಿ ಅವರು ರೂಪಿಸಿದ ಮಾಧ್ಯಮವನ್ನೇ ನೀರಿನ ಪ್ರಯೋಗಾಲಯಗಳು ಎರವಲು ಪಡೆದವು. ನೀರನ್ನು ಸೋಸಿ ಜೀವಿಗಳನ್ನು ಹಿಡಿದಿಡುವ ತೆಳುಪೊರೆಯ ಶೋಧಕ 1925ರ ರಸಾಯನಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಜಿಗ್ಮಂಡಿ ಅವರ ಕೆಲಸದಿಂದ ಬಂದದ್ದು.

ಹರಿಯುವ ನೀರು ಶಿಲೀಂಧ್ರಗಳ ಸಹಜ ನೆಲೆಯೂ ಹೌದೆಂಬುದು ಬೇರೊಂದು ದಿಕ್ಕಿನಿಂದ ಸ್ಪಷ್ಟವಾಯಿತು. 1942ರಲ್ಲಿ ಬ್ರಿಟನ್ನಿನ ಸಿ. ಟಿ. ಇಂಗೋಲ್ಡ್ ತೊರೆಗಳಲ್ಲಿ ಕೊಳೆಯುವ ಎಲೆಗಳ ಮೇಲೆ ನಾಲ್ಕು ಕೈ ಚಾಚಿದಂಥ ಬೀಜಕ ಬಿಡುವ ಶಿಲೀಂಧ್ರಗಳನ್ನು ವಿವರಿಸಿದರು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಇದೇ ಗುಂಪನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಮಳೆಗಾಲದ ಹಳ್ಳದ ನೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಈ ಬೀಜಕಗಳು ಕಾಣುತ್ತವೆ. ತರಗೆಲೆಯನ್ನು ಕೊಳೆಸಿ ತೊರೆಯ ಹುಳಹುಪ್ಪಟೆಗಳಿಗೆ ಆಹಾರ ಒದಗಿಸುವ ಇವು ರೋಗಕಾರಕಗಳಲ್ಲ. ನೀರಿನಲ್ಲಿ ಶಿಲೀಂಧ್ರ ಕಂಡ ಮಾತ್ರಕ್ಕೆ ನೀರು ಕೆಟ್ಟಿತೆಂದು ಹೇಳಲಾಗದು ಎಂಬುದಕ್ಕೆ ಇಷ್ಟು ಸಾಕು.

ನೀರಿನ ವ್ಯವಸ್ಥೆಯಲ್ಲಿ ಬೂಷ್ಟು ನೆಲೆಸುವ ಬಗೆ

ನದಿ, ಕೆರೆಗಳಿಂದ ಬರುವ ನೀರಿನಲ್ಲಿ ಕೊಳವೆಬಾವಿಯ ನೀರಿಗಿಂತ ಹೆಚ್ಚು ಬೂಷ್ಟು ಸಿಗುತ್ತದೆ ಎಂಬುದನ್ನು ನಾರ್ವೆಯಲ್ಲಿ 2000ದ ದಶಕದಲ್ಲಿ ನಡೆದ ಸಮೀಕ್ಷೆ ತೋರಿಸಿತು. ಮಣ್ಣಿನ ಪದರಗಳು ನೀರನ್ನು ಸೋಸಿಕೊಡುವುದು ಇದಕ್ಕೆ ಮುಖ್ಯ ಕಾರಣ. ಸಾಮಾನ್ಯವಾಗಿ ಸಿಗುವ ಬೂಷ್ಟುಗಳೆಂದರೆ ಪೆನಿಸಿಲಿಯಂ, ಆಸ್ಪರ್ಜಿಲಸ್, ಕ್ಲಾಡೋಸ್ಪೋರಿಯಂ, ಟ್ರೈಕೋಡರ್ಮ, ಫ್ಯುಸೇರಿಯಂ ಮತ್ತು ಕಪ್ಪುಬಣ್ಣದ ಎಕ್ಸೋಫಿಯಾಲ. ಯೀಸ್ಟ್‌ಗಳಲ್ಲಿ ರೋಡೋಟೊರುಲ ಮತ್ತು ಕ್ಯಾಂಡಿಡ. ಇವುಗಳ ಬೀಜಕಗಳು ಸಾಮಾನ್ಯ ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚಾಗಿ ಕ್ಲೋರಿನ್ ತಾಳಿಕೊಳ್ಳುತ್ತವೆ. ದಪ್ಪ ಗೋಡೆ ಮತ್ತು ಅದರಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಅವುಗಳಿಗೆ ರಕ್ಷೆ. ಹೀಗಾಗಿ ಕೋಲಿಫಾರ್ಮ್ ಇಲ್ಲದ ನೀರಿನಲ್ಲಿ ಬೂಷ್ಟಿನ ಬೀಜಕವೂ ಇಲ್ಲ ಎಂದು ಊಹಿಸುವಂತಿಲ್ಲ.

ಆದರೆ ಬೀಜಕ ಬರುವುದು ಬೇರೆ, ಬೆಳೆಯುವುದು ಬೇರೆ. ಬೆಳವಣಿಗೆಗೆ ಆಮ್ಲಜನಕ, ಒಂದಿಷ್ಟು ಸಾವಯವ ಆಹಾರ ಮತ್ತು ಅಂಟಿಕೊಳ್ಳಲು ಮೇಲ್ಮೈ ಬೇಕು. ತಿಳಿನೀರಿನ ನಡುವೆ ಇವು ಸರಿಯಾಗಿ ಸಿಗುವುದಿಲ್ಲ. ನೀರು, ಗಾಳಿ, ಗೋಡೆ ಮೂರೂ ಸೇರುವ ಅಂಚಿನಲ್ಲಿ ಸಿಗುತ್ತವೆ. ಟ್ಯಾಂಕಿನ ನೀರಿನ ಮಟ್ಟದ ಮೇಲಿನ ತೇವದ ಗೋಡೆ, ಮುಚ್ಚಳದ ಒಳಮೈ, ತೇಲುಗುಂಡಿನ ಕೀಲು, ರಬ್ಬರ್ ವಾಷರ್, ಷವರ್ ತಲೆ ಮತ್ತು ನಲ್ಲಿಯ ಮೂತಿಯ ಜಾಲರಿ ಇಂಥ ಜಾಗಗಳು. ಜಾಲರಿಯೊಂದನ್ನು ತಿರುಗಿಸಿ ಬಿಚ್ಚಿ ನೋಡಿದರೆ ಇದು ಮನದಟ್ಟಾಗುತ್ತದೆ. ಮೇಲ್ಭಾಗದಲ್ಲಿ ಮರಳಿನ ಕಣ, ಸುಣ್ಣದ ಹಕ್ಕಳೆ ತಡೆದು ನಿಂತಿರುತ್ತವೆ. ಅವುಗಳ ಸಂದಿನಲ್ಲಿ ಕಂದುಬಣ್ಣದ ಲೋಳೆ. ಕೆಳಗೆ, ನಲ್ಲಿ ನಿಲ್ಲಿಸಿದ ಮೇಲೂ ಒಂದು ಹನಿ ನಿಲ್ಲುವ ಅಂಚಿನಲ್ಲಿ, ಉಂಗುರದಾಕಾರದ ಕಪ್ಪು ಗೆರೆ. ಅಡುಗೆಮನೆಯ ಗಾಳಿ, ಹಿಟ್ಟಿನ ಧೂಳು, ಪಾತ್ರೆ ತೊಳೆದ ಸಿಡಿತ ಎಲ್ಲವೂ ಆ ಅಂಚಿಗೆ ತಾಗುತ್ತವೆ.

ಕರ್ನಾಟಕದ ಮನೆಗಳ ನೀರಿನ ಏರ್ಪಾಡು ಈ ಬೆಳವಣಿಗೆಗೆ ಎರಡು ರೀತಿಯಲ್ಲಿ ಅನುಕೂಲ ಮಾಡಿಕೊಡುತ್ತದೆ. ಹೆಚ್ಚಿನ ಊರುಗಳಲ್ಲಿ ನೀರು ಹೊತ್ತಿಗೆ ಬಿಡುವುದರಿಂದ ಮನೆಮನೆಯಲ್ಲೂ ಸಂಪು, ಮೇಲೊಂದು ಟ್ಯಾಂಕ್ ಅನಿವಾರ್ಯ. ನೀರು ಸರಬರಾಜು ಮಂಡಳಿಯವರು ಬೆರೆಸಿದ ಕ್ಲೋರಿನ್ ಅಲ್ಲಿ ನಿಂತಲ್ಲೇ ಕರಗುತ್ತದೆ, ಬೆಚ್ಚನೆಯ ಟ್ಯಾಂಕಿನಲ್ಲಿ ಇನ್ನೂ ಬೇಗ. ಎರಡನೆಯದು ಪೈಪು ಬರಿದಾಗಿ ಮತ್ತೆ ತುಂಬುವುದು. ಹುಬ್ಬಳ್ಳಿ-ಧಾರವಾಡದಲ್ಲಿ 24 ಗಂಟೆ ನೀರು ಬರುವ ವಲಯಗಳನ್ನೂ ಆಗಾಗ ಮಾತ್ರ ಬರುವ ವಲಯಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ, ಆಗಾಗ ಬರುವ ನೀರಿನಲ್ಲಿ ಮಲಸೂಚಕ ಬ್ಯಾಕ್ಟೀರಿಯಾ ಹೆಚ್ಚಿರುವುದನ್ನು ದಾಖಲಿಸಿತು. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಪೈಪಿನ ಕಶ್ಮಲ ಕೊಚ್ಚಿಬರುವುದನ್ನೂ ಅದೇ ತಂಡ ಮುಂದೆ ತೋರಿಸಿತು. ಅಲ್ಲಿ ಅಳೆದದ್ದು ಬ್ಯಾಕ್ಟೀರಿಯಾ, ಬೂಷ್ಟಲ್ಲ. ಆದರೂ ಬರಿದಾಗಿ ತುಂಬುವ ಪೈಪಿನಲ್ಲಿ ಲೋಳೆಪದರ ಕಿತ್ತುಬರುವ ಕ್ರಿಯೆ ಎರಡಕ್ಕೂ ಒಂದೇ.

ಶುದ್ಧೀಕರಣ ಯಂತ್ರವೂ ಈ ಪಟ್ಟಿಯಿಂದ ಹೊರತಲ್ಲ. ಇದ್ದಿಲಿನ ಶೋಧಕ ಮಾಡುವ ಮೊದಲ ಕೆಲಸವೇ ಕ್ಲೋರಿನ್ ತೆಗೆಯುವುದು. ಅದರ ಮುಂದಿನ ಕೊಳವೆ ಮತ್ತು ಸಂಗ್ರಹ ತೊಟ್ಟಿಗೆ ರಕ್ಷಕವಿಲ್ಲ. ಊರಿಗೆ ಹೋಗಿ ವಾರಗಟ್ಟಲೆ ಬಿಟ್ಟ ಯಂತ್ರದ ತೊಟ್ಟಿಯಲ್ಲಿ ಬಿಳಿಯ ಎಳೆಗಳು ತೇಲುವುದಕ್ಕೆ ಇದೇ ಕಾರಣ.

ಮನೆಯೊಳಗಿನ ಪರಿಶೀಲನೆ

ಪರೀಕ್ಷೆಯ ಅತಿ ಉಪಯುಕ್ತ ಭಾಗ ಪ್ರಯೋಗಾಲಯದಲ್ಲಿಲ್ಲ, ಮನೆಯಲ್ಲಿದೆ. ಬೆಳೆಯುತ್ತಿರುವ ಬೂಷ್ಟನ್ನು ಕಣ್ಣಿನಿಂದಲೇ ಹುಡುಕಬಹುದು. ನಲ್ಲಿಯ ನೀರಿನ 100 ಮಿಲಿಲೀಟರ್ ಮಾದರಿ ಅದನ್ನು ತಪ್ಪಿಸಿಬಿಡಬಹುದು. ನೀರು ಮನೆಗೆ ಬರುವ ಜಾಗದಿಂದ ಹೊರಟು ಸಂಪು, ಪಂಪು, ಟ್ಯಾಂಕ್, ಪೈಪು, ಕೊನೆಗೆ ನಲ್ಲಿ ಎಂದು ನೀರಿನ ದಾರಿಯಲ್ಲೇ ನೋಡುತ್ತ ಹೋಗುವುದು ಸರಿಯಾದ ಕ್ರಮ. ಟ್ಯಾಂಕಿನ ಮುಚ್ಚಳ ತೆಗೆದೊಡನೆ ನೋಡಬೇಕಾದ್ದು ನೀರನ್ನಲ್ಲ, ಮುಚ್ಚಳದ ಒಳಮೈಯನ್ನು. ಉಕ್ಕುಕೊಳವೆಗೆ ಬಲೆ ಇದೆಯೇ, ಮುಚ್ಚಳದ ಅಂಚಿನಲ್ಲಿ ಧೂಳೂ ತರಗೂ ಒಳಗೆ ಬೀಳುವಷ್ಟು ಸಂದಿದೆಯೇ, ತಳದಲ್ಲಿ ಎಷ್ಟು ಕೆಸರು ನಿಂತಿದೆ ಎಂಬುದು ಅದರ ನಂತರ.

ಕಂಡದ್ದೆಲ್ಲ ಬೂಷ್ಟಲ್ಲ. ಮನೆಯವರು ಬೂಷ್ಟೆಂದು ಹೆದರುವ ಬಹಳಷ್ಟು ಕಲೆಗಳು ಬೇರೆಯೇ ವಸ್ತು. ಬಿಸಿಲು ತಾಗುವ ಟ್ಯಾಂಕಿನ ಹಸಿರು ಪಾಚಿ. ಬಚ್ಚಲಿನಲ್ಲಿ, ನಲ್ಲಿಯ ಬುಡದಲ್ಲಿ ಕಾಣುವ ಗುಲಾಬಿ ಲೋಳೆ ಹೆಚ್ಚಾಗಿ ಸೆರೇಶಿಯ ಮೊದಲಾದ ಬ್ಯಾಕ್ಟೀರಿಯಾ, ಕೆಲವೊಮ್ಮೆ ರೋಡೋಟೊರುಲ ಯೀಸ್ಟ್. ತುಕ್ಕುಬಣ್ಣದ ಜೊಂಡು ಲೋಳೆ ಕಬ್ಬಿಣದ ಅಂಶವಿರುವ ಬಾವಿ, ಕೊಳವೆಬಾವಿಗಳಲ್ಲಿ ಬೆಳೆಯುವ ಕಬ್ಬಿಣದ ಬ್ಯಾಕ್ಟೀರಿಯಾ. ಬಿಳಿಯ ಹಕ್ಕಳೆ ಗಡಸು ನೀರಿನ ಸುಣ್ಣ. ನಿಂಬೆರಸ ಹಾಕಿದರೆ ನೊರೆಯೆದ್ದು ಕರಗುತ್ತದೆ. ತೀರ್ಮಾನಕ್ಕೆ ಕಷ್ಟವಾದದ್ದು ಕಪ್ಪು ಚುಕ್ಕೆ. ಬೆರಳ ನಡುವೆ ಉಜ್ಜಿದಾಗ ಮರಳಿನ ಹಾಗೆ ಕರಕರ ಎಂದರೆ ಶೋಧಕದಿಂದ ಬಂದ ಇದ್ದಿಲು. ಮಸಿಯ ಹಾಗೆ ಬಳಿದುಕೊಂಡರೆ ಸವೆದ ರಬ್ಬರ್. ಪೈಪಿನೊಳಗಿಂದ ಕಪ್ಪು ಪುಡಿಯಾಗಿ ಉದುರುವುದು ಮ್ಯಾಂಗನೀಸ್ ಆಗಿರಬಹುದು. ಜಾರುತ್ತ, ಎಳೆಎಳೆಯಾಗಿ ಹರಿದುಬಂದು, ಬ್ಲೀಚಿಂಗ್ ದ್ರಾವಣದ ಒಂದು ಹನಿಗೆ ಬಣ್ಣ ಮಾಸಿದರೆ ಬೂಷ್ಟೆಂಬ ಅನುಮಾನ ಬಲವಾಗುತ್ತದೆ. ಅನುಮಾನ ಮಾತ್ರ. ಖಚಿತಪಡಿಸಲು ಸೂಕ್ಷ್ಮದರ್ಶಕ ಬೇಕು.

ವಾಸನೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೀರಿಗೆ ಹಸಿಮಣ್ಣಿನ ಅಥವಾ ಮುಗ್ಗಲು ವಾಸನೆ ಬಂದರೆ ಬೂಷ್ಟೆಂದು ನಿರ್ಧರಿಸುವವರೇ ಹೆಚ್ಚು. ಆ ವಾಸನೆಯ ಮುಖ್ಯ ಕಾರಣ ಜಿಯೋಸ್ಮಿನ್ ಮತ್ತು ಮೀಥೈಲ್ ಐಸೊಬೋರ್ನಿಯಾಲ್ ಎಂಬ ಎರಡು ಸಂಯುಕ್ತಗಳು. ಜಿಯೋಸ್ಮಿನ್ ಮೊದಲ ಮಳೆಗೆ ಮಣ್ಣಿನಿಂದ ಏಳುವ ಪರಿಮಳದಲ್ಲಿಯೂ ಇದೆ. ಇವನ್ನು ಹೆಚ್ಚಾಗಿ ಉತ್ಪಾದಿಸುವುದು ಸ್ಟ್ರೆಪ್ಟೊಮೈಸಿಸ್ ಗುಂಪಿನ ಬ್ಯಾಕ್ಟೀರಿಯಾ ಮತ್ತು ಜಲಾಶಯಗಳಲ್ಲಿ ಬೆಳೆಯುವ ನೀಲಿಹಸಿರು ಸಯನೋಬ್ಯಾಕ್ಟೀರಿಯಾ. ಕೆಲವು ಬೂಷ್ಟುಗಳ ಪಾಲು ಅದರ ನಂತರದ್ದು. ಲೀಟರಿಗೆ ಸುಮಾರು 10 ನ್ಯಾನೊಗ್ರಾಂ ಅಥವಾ ಅದಕ್ಕೂ ಕಡಿಮೆ ಇದ್ದರೂ ಮನುಷ್ಯರ ಮೂಗಿಗೆ ಗೊತ್ತಾಗುವುದರಿಂದ ವಾಸನೆಯ ತೀವ್ರತೆಗೂ ಬೂಷ್ಟಿನ ಪ್ರಮಾಣಕ್ಕೂ ನಂಟು ಹಚ್ಚಲಾಗದು. ನಿರ್ವಾಸನೆಯ ನೀರು ಬೂಷ್ಟಿಲ್ಲದ ನೀರೂ ಅಲ್ಲ.

ಮಾರುಕಟ್ಟೆಯಲ್ಲಿ ಸಿಗುವ ‘ಮೋಲ್ಡ್ ಕಿಟ್’ಗಳ ಬಗ್ಗೆ ಒಂದು ವಾದವಿದೆ: ಅಗ್ಗ, ಮನೆಯಲ್ಲೇ ಮಾಡಬಹುದು, ಏನೂ ಇಲ್ಲದ್ದಕ್ಕಿಂತ ವಾಸಿ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೋಷಕ ಮಾಧ್ಯಮ ತುಂಬಿದ ತಟ್ಟೆ. ಅದರ ಮುಚ್ಚಳ ತೆಗೆದ ಕ್ಷಣದಲ್ಲೇ ಗಾಳಿಯ ಬೀಜಕಗಳು ಅದರ ಮೇಲೆ ಇಳಿಯುತ್ತವೆ. ನೀರು ಹಾಕದ ಇನ್ನೊಂದು ತಟ್ಟೆಯನ್ನು ಜೊತೆಗಿಟ್ಟು ಹೋಲಿಸದಿದ್ದರೆ ಬೆಳೆದದ್ದು ನೀರಿನಿಂದಲೋ ಗಾಳಿಯಿಂದಲೋ ಹೇಳಲು ಸಾಧ್ಯವೇ ಇಲ್ಲ. ಸುಳ್ಳು ಭಯವನ್ನೋ ಸುಳ್ಳು ನೆಮ್ಮದಿಯನ್ನೋ ಕೊಡುವ ಪರೀಕ್ಷೆ, ಪರೀಕ್ಷೆ ಇಲ್ಲದ್ದಕ್ಕಿಂತ ವಾಸಿಯಲ್ಲ.

ಮಾದರಿ ಸಂಗ್ರಹ

ಒಂದೇ ಮಾದರಿಯಿಂದ ಮೂಲ ತಿಳಿಯದು. ಕನಿಷ್ಠ ಮೂರು ಬೇಕು: ನೀರು ಮನೆಯೊಳಗೆ ಬರುವಲ್ಲಿ ಒಂದು, ರಾತ್ರಿಯಿಡೀ ಮುಚ್ಚಿದ್ದ ಅಡುಗೆಮನೆಯ ನಲ್ಲಿಯಿಂದ ಬೆಳಗ್ಗೆ ಮೊದಲು ಬೀಳುವ ನೀರು ಇನ್ನೊಂದು, ಅದೇ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು ಹಿಡಿದದ್ದು ಮತ್ತೊಂದು. ಮೊದಲು ಬಿದ್ದ ನೀರಿನಲ್ಲಿ ಮಾತ್ರ ಎಣಿಕೆ ಹೆಚ್ಚಿದ್ದು ಹರಿದ ಮೇಲೆ ಇಳಿದರೆ ತೊಂದರೆ ನಲ್ಲಿ ಮತ್ತು ಅದರ ಹಿಂದಿನ ಪೈಪಿನಲ್ಲಿದೆ. ಹರಿದ ಮೇಲೂ ಇಳಿಯದೆ, ಮನೆಗೆ ಬರುವಲ್ಲಿ ಕಡಿಮೆಯಿದ್ದರೆ ಟ್ಯಾಂಕ್ ಅಥವಾ ಸಂಪನ್ನು ನೋಡಬೇಕು. ಮೂರರಲ್ಲೂ ಒಂದೇ ಮಟ್ಟವಿದ್ದರೆ ಮೂಲ ಮನೆಯ ಹೊರಗಿದೆ. ಒಂದು ಮಾದರಿಗೆ ದುಡ್ಡು ಕೊಟ್ಟು ಪಡೆದ ಅಂಕಿಗಿಂತ ಈ ಹೋಲಿಕೆಗೆ ಬೆಲೆ ಹೆಚ್ಚು.

ಸೀಸೆ ಕ್ರಿಮಿಶುದ್ಧವಾಗಿರಬೇಕು, ಅದನ್ನು ಪ್ರಯೋಗಾಲಯದಿಂದಲೇ ತರುವುದು ಒಳ್ಳೆಯದು. ಕ್ಲೋರಿನ್ ಬೆರೆತ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿದ ಸೀಸೆಯೇ ಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು ಎಣಿಕೆ ಸುಳ್ಳಾಗಿ ಇಳಿಯುತ್ತದೆ. ಸೀಸೆಯ ಬಾಯನ್ನೂ ಮುಚ್ಚಳದ ಒಳಭಾಗವನ್ನೂ ಮುಟ್ಟಬಾರದು, ಮುಚ್ಚಳವನ್ನು ಕಟ್ಟೆಯ ಮೇಲಿಡಬಾರದು, ಫ್ಯಾನ್ ನಿಲ್ಲಿಸಿರಬೇಕು. ನಲ್ಲಿಯ ಮೂತಿಯನ್ನು ಸ್ಪಿರಿಟ್‌ನಿಂದ ಒರೆಸುವುದು ಪೈಪಿನ ನೀರನ್ನು ತಿಳಿಯಲು ಸರಿ. ಮೂತಿಯದೇ ಸ್ಥಿತಿ ತಿಳಿಯಬೇಕಿದ್ದರೆ ಒರೆಸಬಾರದು. ಜಾಲರಿಯ, ಮುಚ್ಚಳದ ಕಲೆಗಳನ್ನು ಕ್ರಿಮಿಶುದ್ಧ ಹತ್ತಿಯ ಕಡ್ಡಿಯಿಂದ ತೆಗೆದು ಬೇರೆಯಾಗಿ ಕಳಿಸಬೇಕು. ಮಾದರಿಗಳು ತಂಪಾಗಿ, ಆದರೆ ಹೆಪ್ಪುಗಟ್ಟದೆ, ಸಾಧ್ಯವಾದರೆ ಅದೇ ದಿನ ಪ್ರಯೋಗಾಲಯ ಸೇರಬೇಕು.

ಪ್ರಯೋಗಾಲಯ ವಿಧಾನಗಳು

ರೂಢಿಯ ವಿಧಾನ ಪೊರೆ ಶೋಧನೆ. 100 ಮಿಲಿಲೀಟರ್ ನೀರನ್ನು 0.45 ಮೈಕ್ರೊಮೀಟರ್ ರಂಧ್ರಗಳ ಪೊರೆಯ ಮೂಲಕ ಹಾಯಿಸಿ, ಆ ಪೊರೆಯನ್ನೇ ಮಾಧ್ಯಮದ ಮೇಲೆ ಹಾಸುತ್ತಾರೆ. ಬ್ಯಾಕ್ಟೀರಿಯಾ ಮುಂಚೆ ಬೆಳೆದು ತಟ್ಟೆಯನ್ನು ಆವರಿಸದಂತೆ ಕ್ಲೋರಾಂಫೆನಿಕಾಲ್‌ನಂಥ ಪ್ರತಿಜೈವಿಕ ಸೇರಿಸಿರುತ್ತಾರೆ. ಬೇಗ ಹರಡುವ ಬೂಷ್ಟುಗಳು ನಿಧಾನವಾದವುಗಳನ್ನು ಮುಚ್ಚಿಹಾಕದಂತೆ ಡೈಕ್ಲೋರಾನ್ ಮತ್ತು ರೋಸ್ ಬೆಂಗಾಲ್ ಬೆರೆಸಿದ ಮಾಧ್ಯಮವೂ ಬಳಕೆಯಲ್ಲಿದೆ. ಕಾಲನಿ ಎದ್ದ ಮೇಲೆ ಅದರ ಚೂರನ್ನು ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಂತುಗಳು ನೀಲಿಯಾಗಿ ಕಾಣುತ್ತವೆ. ಆಸ್ಪರ್ಜಿಲಸ್ ಆದರೆ ಉಬ್ಬಿದ ತಲೆಯ ಸುತ್ತ ಬೀಜಕಗಳ ಸಾಲು, ಪೆನಿಸಿಲಿಯಂ ಆದರೆ ಕುಂಚದಾಕಾರ. ಕುಲ ಗುರುತಿಸಲು ಇಷ್ಟು ಸಾಕಾದರೂ ಜಾತಿ ಗುರುತಿಸಲು ಹಲವೊಮ್ಮೆ ಸಾಲದು.

ಜಾತಿಯ ಮಟ್ಟಕ್ಕೆ ಡಿಎನ್‌ಎ ಓದಬೇಕು. ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು 2012ರಲ್ಲಿ ಶಿಲೀಂಧ್ರಗಳ ಸಾರ್ವತ್ರಿಕ ಗುರುತಾಗಿ ಪ್ರಸ್ತಾಪಿಸಲಾಯಿತು. ಈ ವಿಧಾನ ತಟ್ಟೆಯಲ್ಲಿ ಬೆಳೆಯಲೊಲ್ಲದ ಶಿಲೀಂಧ್ರಗಳನ್ನೂ ಹಿಡಿಯುತ್ತದೆ, ಆದರೆ ಸತ್ತವುಗಳ ಡಿಎನ್‌ಎಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಅಳೆದು ಒಟ್ಟು ಜೈವಿಕ ರಾಶಿಯನ್ನು ಅಂದಾಜು ಮಾಡುವ ವಿಧಾನ ಸಂಶೋಧನೆಗೆ ಸೀಮಿತ.

ಎಣಿಕೆಯ ಅರ್ಥ

ವರದಿಯಲ್ಲಿ ಬರುವುದು ‘100 ಮಿಲಿಲೀಟರಿಗೆ ಇಷ್ಟು ಕಾಲನಿ’ ಎಂಬ ಅಂಕಿ. ಬ್ಯಾಕ್ಟೀರಿಯಾಗಳಿಗೆ ಈ ಅಂಕಿ ಒಂದು ಮಟ್ಟಿಗೆ ಜೀವಿಗಳ ಸಂಖ್ಯೆಯನ್ನು ಸೂಚಿಸುತ್ತದೆ, ಬೂಷ್ಟಿಗೆ ಸೂಚಿಸುವುದಿಲ್ಲ. ಅಂಗೈಯಗಲದ ಬೂಷ್ಟು ಪೈಪಿನೊಳಗೆ ಕೂತಿದ್ದು ಬೀಜಕ ಬಿಡದಿದ್ದರೆ ನೀರಿನಲ್ಲಿ ಏನೂ ಕಾಣದೆ ಹೋಗಬಹುದು. ಕಿತ್ತುಬಂದ ದೊಡ್ಡದೊಂದು ತುಂಡು ಪೊರೆಯ ಮೇಲೆ ಒಂದೇ ಕಾಲನಿಯಾಗಿ ಎದ್ದೀತು. ಮುಚ್ಚಳದ ಮೇಲಿನ ಕಿರುಬೆರಳ ಉಗುರಿನಷ್ಟು ಕಲೆ ಬೀಜಕ ಉದುರಿಸುವ ಹೊತ್ತಿನಲ್ಲಿ ಸಾವಿರಾರು ಕಾಲನಿಗಳಿಗೆ ಕಾರಣವಾಗಬಹುದು. ಉದುರಿದ ಕಾಳೆಣಿಸಿ ಗದ್ದೆಯ ಅಗಲ ಹೇಳಿದಷ್ಟೇ ಈ ಲೆಕ್ಕದ ಭರವಸೆ. ಹಾಗಾಗಿ ಒಂದು ದಿನದ ಒಂದು ಅಂಕಿ ಹೆಚ್ಚು ಬಂದರೂ ಕಡಿಮೆ ಬಂದರೂ ಅದರ ಮೇಲೆ ನಿರ್ಧಾರ ನಿಲ್ಲಿಸಬಾರದು. ಒಂದೇ ಜಾತಿ ಬೇರೆ ಬೇರೆ ದಿನಗಳಲ್ಲಿ ಅದೇ ನಲ್ಲಿಯಿಂದ ಮತ್ತೆ ಮತ್ತೆ ಸಿಕ್ಕರೆ ಅದು ಅಲ್ಲಿ ನೆಲೆಸಿದೆ. ಪ್ರತಿ ಸಲ ಬೇರೆ ಬೇರೆ ಜಾತಿಗಳು ಚೆಲ್ಲಾಪಿಲ್ಲಿಯಾಗಿ ಸಿಕ್ಕರೆ ಹಾದುಹೋಗುವ ಬೀಜಕಗಳಿರಬಹುದು. ವರದಿ ಪಡೆಯುವವರು ಒಟ್ಟು ಎಣಿಕೆಯ ಜೊತೆಗೆ ಕುಲದ ಹೆಸರನ್ನಾದರೂ ಕೇಳಿ ಪಡೆಯಬೇಕೆನ್ನುವುದು ಇದಕ್ಕಾಗಿ.

ಆರೋಗ್ಯದ ಪ್ರಶ್ನೆ

ಆರೋಗ್ಯವಂತರು ಇಂಥ ನೀರು ಕುಡಿದು ಶಿಲೀಂಧ್ರ ಸೋಂಕಿಗೆ ಒಳಗಾಗುವುದು ತೀರ ವಿರಳ. ಹೊಟ್ಟೆಗೆ ಹೋದ ಬೀಜಕಗಳನ್ನು ದೇಹ ಸಲೀಸಾಗಿ ನಿಭಾಯಿಸುತ್ತದೆ. ಹಾಗಿದ್ದರೆ ಪರೀಕ್ಷೆಯೇ ಏಕೆ ಎಂಬ ಆಕ್ಷೇಪ ಸಹಜ. ಉತ್ತರ ಕುಡಿಯುವುದರಲ್ಲಿಲ್ಲ, ಉಸಿರಿನಲ್ಲಿದೆ. ಅಮೆರಿಕದ ಆಸ್ಪತ್ರೆಯೊಂದರ ನೀರಿನ ವ್ಯವಸ್ಥೆಯನ್ನು ಮೂರು ವರ್ಷ ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಕಾರಕ ಆಸ್ಪರ್ಜಿಲಸ್ ನೀರಿನಲ್ಲಿ ಸಿಕ್ಕಿತು. ಸ್ನಾನದ ಕೋಣೆಯ ನೆಲವನ್ನು ತೊಳೆದ ಮೇಲೆ ಅಲ್ಲಿನ ಗಾಳಿಯಲ್ಲಿ ಬೂಷ್ಟಿನ ಬೀಜಕಗಳು ಕಡಿಮೆಯಾದದ್ದನ್ನು ಅದೇ ಸಂಶೋಧಕರು ತೋರಿಸಿದರು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರು, ಅಂಗಾಂಗ ಅಥವಾ ಅಸ್ಥಿಮಜ್ಜೆ ಕಸಿಯಾದವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು, ತೀವ್ರ ಶ್ವಾಸಕೋಶದ ಕಾಯಿಲೆಯವರು ಇಂಥ ಬೀಜಕಗಳಿಗೆ ಈಡಾದರೆ ಅಪಾಯ ನಿಜವಾದದ್ದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿ ಪ್ರಕಟಿಸಿದ ಆದ್ಯತೆಯ ರೋಗಕಾರಕ ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅತಿ ಗಂಭೀರ ಗುಂಪಿನಲ್ಲಿದೆ.

2021ರಲ್ಲಿ ಕೋವಿಡ್ ಎರಡನೆಯ ಅಲೆಯ ವೇಳೆ ‘ಕಪ್ಪು ಶಿಲೀಂಧ್ರ’ ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಕರ್ನಾಟಕದಲ್ಲೂ ಹಲವರನ್ನು ಬಲಿ ಪಡೆದಾಗ, ಆಮ್ಲಜನಕದ ತೇವಕಾರಕಕ್ಕೆ ತುಂಬುವ ನೀರಿನ ಮೇಲೆ ಜನರ ಅನುಮಾನ ಹರಿಯಿತು. ಆ ರೋಗದ ಮುಖ್ಯ ಕಾರಣಗಳು ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡ್‌ನ ಅತಿಬಳಕೆ. ನೀರೇ ಕಾರಣವೆಂದು ಸ್ಥಾಪಿತವಾಗಿಲ್ಲ. ಆದರೂ ತೇವಕಾರಕಕ್ಕೆ ಕ್ರಿಮಿಶುದ್ಧ ನೀರನ್ನೇ ಬಳಸಬೇಕೆಂದು ಐಸಿಎಂಆರ್ ಆಗ ನೀಡಿದ ಸೂಚನೆ ಸರಿಯಾದದ್ದೇ. ಮನೆಯಲ್ಲಿ ಆಮ್ಲಜನಕ ಸಾಂದ್ರಕ, ನೆಬ್ಯುಲೈಸರ್ ಇಟ್ಟುಕೊಂಡವರಿಗೂ ಅದು ಅನ್ವಯಿಸುತ್ತದೆ. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನಷ್ಟೇ ಮೂಗಿಗೆ ಬಿಡಬೇಕು. ಅಲ್ಲಿ ಶಿಲೀಂಧ್ರಕ್ಕಿಂತ ದೊಡ್ಡ ಭಯ ನೆಗ್ಲೇರಿಯಾ ಎಂಬ ಅಮೀಬಾ.

ಬೂಷ್ಟಿನ ವಿಷಗಳ ಪ್ರಶ್ನೆಯನ್ನೂ ಎತ್ತುವುದುಂಟು. ತಣ್ಣೀರಿನ ಸಂಗ್ರಹ ತೊಟ್ಟಿಯೊಂದರಲ್ಲಿ ಅಫ್ಲಾಟಾಕ್ಸಿನ್ ಸಿಕ್ಕ ವರದಿ 1997ರಲ್ಲಿ ಪ್ರಕಟವಾಯಿತು. ಆದರೆ ಹರಿಯುವ, ಖಾಲಿಯಾಗಿ ತುಂಬುವ ನೀರಿನಲ್ಲಿ ಇಂಥ ವಿಷ ಬಹಳ ತೆಳುವಾಗುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿಯೋ ಮೆಕ್ಕೆಜೋಳವೋ ಒಡ್ಡುವ ಅಪಾಯ ಇದಕ್ಕಿಂತ ಬಹುಪಾಲು ಹೆಚ್ಚು.

ನಿವಾರಣೆ

ಕುದಿಸಿದರೆ ಸಾಕಲ್ಲವೇ ಎಂಬುದು ಎಲ್ಲೆಡೆ ಕೇಳುವ ಮಾತು. ಕುಡಿಯುವ ಒಂದು ಕೊಡ ನೀರಿಗೆ ಸಾಕು. ನೀರು ಮರಳುವಷ್ಟು ಕಾದರೆ ಅದರಲ್ಲಿನ ಶಿಲೀಂಧ್ರಗಳು ಬಹುತೇಕ ಸಾಯುತ್ತವೆ. ಆದರೆ ಷವರಿನ ನೀರನ್ನು ಯಾರೂ ಕುದಿಸುವುದಿಲ್ಲ, ಕುದಿಸಿದ ನೀರನ್ನು ಲೋಳೆಗಟ್ಟಿದ ಹೂಜಿಗೆ ಸುರಿದರೆ ಫಲವಿಲ್ಲ, ಟ್ಯಾಂಕಿನ ಬೂಷ್ಟು ಇದ್ದಲ್ಲೇ ಇರುತ್ತದೆ. ಆರ್‌ಒ ಪೊರೆ ಬೀಜಕಗಳನ್ನು ತಡೆಯುತ್ತದೆ. ಅದರ ಆಚೆಯ ತೊಟ್ಟಿಯನ್ನು ಕಾಯುವುದಿಲ್ಲ. ಅತಿನೇರಳೆ ದೀಪ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಷ್ಟು ಸುಲಭವಾಗಿ ಮೆಲನಿನ್ ತುಂಬಿದ ಬೀಜಕಗಳನ್ನು ಕೊಲ್ಲಲಾರದು.

ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದು ಬಿಡುವುದಕ್ಕಿಂತ ಮೊದಲು ಉಜ್ಜುವುದು ಮುಖ್ಯ, ಏಕೆಂದರೆ ಲೋಳೆಪದರದ ಒಳಗೆ ಕ್ಲೋರಿನ್ ಇಳಿಯುವುದಿಲ್ಲ. ನೀರು ಬರಿದು ಮಾಡಿ, ಗೋಡೆ, ತಳ, ಮುಚ್ಚಳ ತಿಕ್ಕಿ, ಕೆಸರು ತೆಗೆದು, ಮತ್ತೆ ತುಂಬಿಸಿ, ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುವಂತೆ ಬ್ಲೀಚಿಂಗ್ ಪುಡಿಯ ತಿಳಿ ಬೆರೆಸಬೇಕು. ಪುಡಿಯಲ್ಲಿ ಶೇಕಡಾ 25ರಿಂದ 33 ಕ್ಲೋರಿನ್ ಇದ್ದರೆ 1,000 ಲೀಟರಿಗೆ 150ರಿಂದ 200 ಗ್ರಾಂ ಆಗುತ್ತದೆ. ಮನೆಯ ಎಲ್ಲ ನಲ್ಲಿಗಳಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಬಿಟ್ಟು, ಒಂದು ದಿನ ಹಾಗೆಯೇ ನಿಲ್ಲಿಸಿ, ಆ ನೀರನ್ನು ಬಳಸದೆ ಹೊರಹಾಕಬೇಕು. ಬ್ಲೀಚಿಂಗ್ ಪುಡಿಯನ್ನು ಬಚ್ಚಲು ತೊಳೆಯುವ ಆಮ್ಲದ ಜೊತೆ ಎಂದೂ ಬೆರೆಸಬಾರದು, ಅದರಿಂದ ವಿಷಾನಿಲ ಏಳುತ್ತದೆ. ಸಂಪಿಗೆ ಇಳಿಯುವುದು ಪ್ರಾಣಾಪಾಯದ ಕೆಲಸ; ಗಾಳಿಯಾಡಿಸದೆ, ಮೇಲೆ ಇನ್ನೊಬ್ಬರಿಲ್ಲದೆ ಇಳಿಯಬಾರದು. ನಲ್ಲಿಯ ಜಾಲರಿ, ಷವರ್ ತಲೆಗಳನ್ನು ಬಿಚ್ಚಿ ತಿಕ್ಕಬೇಕು, ಸವೆದ ವಾಷರ್ ಬದಲಿಸಬೇಕು. ಮರುಪರೀಕ್ಷೆಯನ್ನು ಕ್ಲೋರಿನ್ ಪೂರ್ತಿ ಹೊರಹೋಗಿ, ಮನೆಯ ನೀರಿನ ಬಳಕೆ ಎಂದಿನಂತಾದ ಮೇಲೆ ಮಾಡಬೇಕು. ಆಗಲೇ ಬೂಷ್ಟು ಮರಳಿತೇ ಎಂಬುದು ತಿಳಿಯುವುದು.

ಮಾನದಂಡಗಳು ಮತ್ತು ಇಂದಿನ ಸ್ಥಿತಿ

ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಯಾವುದೇ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಇರಬಾರದು, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಬೂಷ್ಟಿಗೆ ಅದರಲ್ಲಿ ಸಂಖ್ಯೆಯ ಮಿತಿ ಇಲ್ಲ. ಸೀಸೆ ನೀರಿನ ಮಾನದಂಡ ಐಎಸ್ 14543 ಮಾತ್ರ 250 ಮಿಲಿಲೀಟರಿನಲ್ಲಿ ಯೀಸ್ಟ್ ಮತ್ತು ಬೂಷ್ಟು ಇರಲೇಬಾರದು ಎನ್ನುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುವ ಸೀಸೆಯಲ್ಲಿ ಒಂದು ಬೀಜಕವೂ ಬೆಳೆಯಲು ಸಮಯವಿದೆ, ಹೀಗಾಗಿ ಆ ಕಟ್ಟುನಿಟ್ಟು ನ್ಯಾಯವೇ; ಅದನ್ನು ನಲ್ಲಿಯ ನೀರಿಗೆ ತಂದು ಹಚ್ಚುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಬೂಷ್ಟಿಗೆ ಮಿತಿ ಇಲ್ಲ. ಸ್ವೀಡನ್ನಿನ ನಿಯಮಗಳು 100 ಮಿಲಿಲೀಟರಿಗೆ 100 ಕಾಲನಿ ಎಂಬ ಮಿತಿಯನ್ನು ಇಟ್ಟವು. ಮಿತಿ ಇಲ್ಲದಿರುವುದನ್ನು ಅಪಾಯವಿಲ್ಲ ಎಂದು ಓದುವುದು ತಪ್ಪು. ಎಣಿಕೆಗೂ ಕಾಯಿಲೆಗೂ ಇರುವ ಸಂಬಂಧವನ್ನು ಒಂದು ಅಂಕಿಗೆ ಇಳಿಸುವಷ್ಟು ಆಧಾರ ಸಿಕ್ಕಿಲ್ಲ ಎಂದಷ್ಟೇ ಅದರ ಅರ್ಥ.

ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆಯುವ ಜಲಜೀವನ್ ಯೋಜನೆಯಡಿ ಗ್ರಾಮಗಳಿಗೆ ಕೊಡುವ ಪರೀಕ್ಷಾ ಕಿಟ್‌ಗಳಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಉಳಿಕೆ ಕ್ಲೋರಿನ್‌ಗಳ ಜೊತೆ ನೀರು ಕಪ್ಪಾದರೆ ಮಲಿನ ಎಂದು ತೋರಿಸುವ ಹೈಡ್ರೋಜನ್ ಸಲ್ಫೈಡ್ ಸೀಸೆಯೂ ಇರುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮಾಂಜಾ ಮತ್ತು ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದ ಈ ಸರಳ ಪರೀಕ್ಷೆ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ. ಅದು ಪತ್ತೆಹಚ್ಚುವುದು ಮಲಸಂಬಂಧಿ ಬ್ಯಾಕ್ಟೀರಿಯಾವನ್ನು. ಸೀಸೆಯಲ್ಲಿ ಎದ್ದ ಕಪ್ಪನ್ನು ಬೂಷ್ಟೆಂದು ತಿಳಿಯುವುದೂ ಕಪ್ಪಾಗಲಿಲ್ಲವೆಂದು ಬೂಷ್ಟಿಲ್ಲ ಎನ್ನುವುದೂ ತಪ್ಪು. ಬೂಷ್ಟಿನ ಅನುಮಾನವಿರುವ ಮನೆಯವರು ಮೊದಲು ಮಾಡಿಸಬೇಕಾದ್ದು ಕೂಡ ಇದೇ ಮಲಸೂಚಕ ಪರೀಕ್ಷೆ ಮತ್ತು ಉಳಿಕೆ ಕ್ಲೋರಿನ್ ಅಳತೆ. ಟ್ಯಾಂಕಿನ ಸಂದಿಯಿಂದ ಬೀಜಕ ಬಂದಿದ್ದರೆ ಅದೇ ಸಂದಿಯಿಂದ ಹಕ್ಕಿಯ ಹಿಕ್ಕೆಯೂ ಬಂದಿರಬಹುದು, ಭೇದಿಯ ಅಪಾಯ ಬೂಷ್ಟಿನದಕ್ಕಿಂತ ಹತ್ತಿರದ್ದು.

ಬೂಷ್ಟಿನ ಎಣಿಕೆಗೆ ಹೋಗುವವರು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಮಾನ್ಯತಾ ವ್ಯಾಪ್ತಿಯಲ್ಲಿ ನೀರಿನ ಯೀಸ್ಟ್ ಮತ್ತು ಮೋಲ್ಡ್ ಎಣಿಕೆ ಸೇರಿದೆಯೇ ಎಂದು ಕೇಳಿ ತಿಳಿಯಬೇಕು. ಸೀಸೆ ನೀರಿನ ಘಟಕಗಳಿಗೆ ಈ ಪರೀಕ್ಷೆ ಕಡ್ಡಾಯವಾದ್ದರಿಂದ ಆ ಘಟಕಗಳ ಮಾದರಿ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ಕೆಲಸ. ಮನೆಯ ಮಾದರಿಗೂ ವಿಧಾನ ಅದೇ. ತಟ್ಟೆಯನ್ನು ಕಾವಿನಲ್ಲಿಡುವ ಅವಧಿ ಎಷ್ಟು ದಿನ, ಕುಲ ಗುರುತಿಸಿ ಕೊಡುತ್ತಾರೆಯೇ, ಖಾಲಿ ತಟ್ಟೆಯ ಫಲಿತಾಂಶವನ್ನು ವರದಿಯಲ್ಲಿ ಸೇರಿಸುತ್ತಾರೆಯೇ ಎಂಬುದನ್ನೂ ಮಾದರಿ ಕೊಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.